ಬೂಷ್ಟಿನ ಕೋಟೆಗೋಡೆ

ಮಳೆಗಾಲದಲ್ಲಿ ಎರಡು ದಿನ ಮರೆತಿಟ್ಟ ರೊಟ್ಟಿಯ ಮೇಲೆ ಬೂಷ್ಟು ಹಬ್ಬುವುದನ್ನು ನೋಡದವರಾರು? ಅದರ ಒಂದು ಎಳೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ, ಗಟ್ಟಿಯಾದ ಗೋಡೆಯುಳ್ಳ ಸಣ್ಣ ಕೊಳವೆಯೊಂದು ಕಾಣುತ್ತದೆ. ಬೂಷ್ಟು, ಅಣಬೆ, ಯೀಸ್ಟ್ ಮೊದಲಾದ ಶಿಲೀಂಧ್ರಗಳಿಗೆಲ್ಲ ಇಂತಹ ಕೋಶಭಿತ್ತಿಯುಂಟು. ನಮ್ಮ ಜೀವಕೋಶಗಳಿಗಾದರೋ ತೆಳುವಾದ ಪೊರೆಯಲ್ಲದೆ ಗೋಡೆಯಿಲ್ಲ. ಈ ಭೇದದ ಮಹತ್ವವನ್ನು ಕಡೆಯಲ್ಲಿ ಕಾಣುವೆವು. ಆ ಗೋಡೆ ಏತರಿಂದಾದುದು ಎಂಬುದು ಮೊದಲ ಪ್ರಶ್ನೆ.

1811ರಲ್ಲಿ ಫ್ರಾನ್ಸಿನ ನಾನ್ಸಿ ನಗರದ ಆಂರಿ ಬ್ರಾಕೊನೊ ಎಂಬ ವಿಜ್ಞಾನಿ ಅಣಬೆಗಳನ್ನು ಕ್ಷಾರದ್ರಾವಣದಲ್ಲಿ ಕಾಯಿಸಿದನು. ಕರಗದೆ ಉಳಿದ ವಸ್ತುವಿಗೆ 'ಫಂಜೀನ್' ಎಂದು ಹೆಸರಿಟ್ಟನು. 1823ರಲ್ಲಿ ಓಡಿಯೆ ಎಂಬಾತನಿಗೆ ಜೀರುಂಡೆಯ ರೆಕ್ಕೆಯ ಕವಚದಲ್ಲಿಯೂ ಅಂತಹುದೇ ವಸ್ತು ದೊರೆಯಿತು. ಆತನಿಟ್ಟ 'ಕೈಟಿನ್' ಎಂಬ ಹೆಸರೇ ನಿಂತಿತು. ಅಣಬೆಗೂ ಜೀರುಂಡೆಗೂ ಒಂದೇ ಬಗೆಯ ಕವಚ!

ಕೈಟಿನ್, ಗ್ಲೂಕನ್, ಮ್ಯಾನನ್ ಇವೆಲ್ಲವೂ ಬಹುಶರ್ಕರಗಳು. ಎಂದರೆ ಸಣ್ಣ ಸಕ್ಕರೆಯ ಅಣುಗಳು ಸರಪಣಿಯಂತೆ ಕೂಡಿಕೊಂಡು ಆದ ಹಿರಿಯ ಅಣುಗಳು. ಗೋಡೆಯಲ್ಲಿ ಇವು ಒಂದರೊಡನೊಂದು ಹೆಣೆದುಕೊಂಡಿವೆ. ಬಿಡಿಸುವುದೇ ಕಷ್ಟ. ಬೆಳೆಸಿದ ಶಿಲೀಂಧ್ರವನ್ನು ಗಾಜಿನ ಸಣ್ಣ ಮಣಿಗಳೊಡನೆ ಕುಲುಕಿ ಒಡೆದು, ಒಳಗಿನ ರಸವನ್ನು ತೊಳೆದರೆ ಗೋಡೆಯ ಚೂರುಗಳು ಉಳಿಯುತ್ತವೆ. ಅವನ್ನು ಬಿಸಿ ಕ್ಷಾರದಲ್ಲಿಟ್ಟಾಗ ಪ್ರೋಟೀನು, ಮ್ಯಾನನ್‌ಗಳು ಕರಗಿಹೋಗುತ್ತವೆ. ಕೈಟಿನ್ನೂ ಬಹುಭಾಗ ಗ್ಲೂಕನ್ನೂ ತಳದಲ್ಲಿ ನಿಲ್ಲುತ್ತವೆ. ಕರಗಿದುದರಿಂದ ಲವಣವನ್ನು ತೆಗೆದು, ಮದ್ಯಸಾರವನ್ನು ಬೆರೆಸಿದರೆ ಬಹುಶರ್ಕರವು ಬಿಳಿಯ ಗಸಿಯಾಗಿ ಇಳಿಯುತ್ತದೆ.

ಆದರೆ ಇಲ್ಲೊಂದು ಅಪಾಯವುಂಟು. ಕ್ಷಾರವು ಅತಿ ತೀಕ್ಷ್ಣವಾದರೆ ಕೈಟಿನ್ನೇ ಕೈಟೋಸಾನ್ ಎಂಬ ಬೇರೊಂದು ವಸ್ತುವಾಗಿ ಮಾರ್ಪಡುತ್ತದೆ. ಆಗ ಶೋಧಕನಿಗೆ ಸಿಕ್ಕಿದ್ದು ಪ್ರಕೃತಿಯ ಸೃಷ್ಟಿಯೋ, ತನ್ನ ಪಾತ್ರೆಯ ಸೃಷ್ಟಿಯೋ? ಈ ಕಾರಣದಿಂದಲೇ ಮೃದುವಾದ ಕಿಣ್ವಗಳು ಬೇಕಾಗುತ್ತವೆ. 1929ರಲ್ಲಿ ಜ್ಯೂರಿಕ್ ನಗರದಲ್ಲಿ ಆಲ್ಬರ್ಟ್ ಹಾಫ್‌ಮನ್, ದ್ರಾಕ್ಷಿ ತೋಟದ ಬಸವನಹುಳುವಿನ ಜೀರ್ಣರಸದಿಂದ ಕೈಟಿನ್ನನ್ನು ಒಡೆದು ಅದರ ರಚನೆಯನ್ನು ತಿಳಿಸಿದನು.

ಶುದ್ಧವಾದುದನ್ನು ಗುರುತಿಸುವುದು ಹೇಗೆ? ರಾಗಿಯ ಪಿಷ್ಟ, ಹತ್ತಿಯ ನೂಲು, ಶಿಲೀಂಧ್ರದ ಗ್ಲೂಕನ್ ಈ ಮೂರೂ ಒಂದೇ ಗ್ಲೂಕೋಸಿನಿಂದಾದುವು. ಇಟ್ಟಿಗೆ ಒಂದೇ, ಜೋಡಣೆ ಮಾತ್ರ ಬೇರೆ. ಜೋಡಣೆಯನ್ನರಿಯಲು ಸರಪಣಿಯುದ್ದಕ್ಕೂ ಬಿಡಿಯಾಗಿರುವ ಹೈಡ್ರಾಕ್ಸಿಲ್ ಗುಂಪುಗಳಿಗೆಲ್ಲ ಮಿಥೈಲ್ ಗುಂಪನ್ನು ಅಂಟಿಸಿ, ಬಳಿಕ ಸರಪಣಿಯನ್ನು ಒಡೆಯುತ್ತಾರೆ. ಗೋಡೆಗೆ ಬಣ್ಣ ಬಳಿದು ಇಟ್ಟಿಗೆಗಳನ್ನು ಬಿಡಿಸಿದಂತೆ. ಬಣ್ಣ ಹತ್ತದ ಮುಖವೇ ಕೂಡಿಕೆಯ ಜಾಗ. ಭೌತವಿಜ್ಞಾನವೂ ಇಲ್ಲಿ ನೆರವಾಗುತ್ತದೆ. ಶಿಲೀಂಧ್ರದ ಬೀಟಾ ಗ್ಲೂಕನ್ ಅವಕೆಂಪು ಬೆಳಕನ್ನು ಸೆಂಟಿಮೀಟರಿಗೆ ಸುಮಾರು 890 ತರಂಗಗಳಿರುವ ಕಡೆ ಹೀರುತ್ತದೆ. ಪಿಷ್ಟದಂತಹ ಆಲ್ಫಾ ಜೋಡಣೆಗೆ ಆ ಗುರುತು ಸುಮಾರು 850ರಲ್ಲಿ. ಕೈಟಿನ್ನಿನಲ್ಲಿ ಅಣುಗಳು ಸಾಲುಗಟ್ಟಿರುವ ಕ್ರಮವನ್ನು ಎಕ್ಸ್ ಕಿರಣಗಳು ತೋರಿಸುತ್ತವೆ.

ಇದರಿಂದ ಪ್ರಯೋಜನವೇನು ಎಂದು ಓದುಗರು ಕೇಳಬಹುದು. ರೋಗವನ್ನುಂಟುಮಾಡುವ ಶಿಲೀಂಧ್ರವನ್ನು ಕೊಲ್ಲುವುದು ಸುಲಭವಲ್ಲ. ಅದರ ಕೋಶ ನಮ್ಮ ಕೋಶವನ್ನು ಬಹಳವಾಗಿ ಹೋಲುತ್ತದೆ. ಆಂಫೊಟೆರಿಸಿನ್ ಎಂಬ ಹಳೆಯ ಔಷಧ ಶಿಲೀಂಧ್ರದ ಪೊರೆಯನ್ನು ಹರಿಯುತ್ತದೆ, ಆದರೆ ನಮ್ಮ ಮೂತ್ರಪಿಂಡಗಳನ್ನೂ ನೋಯಿಸುತ್ತದೆ. ಗೋಡೆಯಾದರೋ ನಮ್ಮಲ್ಲಿಲ್ಲ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ಯಾಸ್ಪೊಫಂಜಿನ್, ಗ್ಲೂಕನ್ನನ್ನು ನೇಯುವ ಕಿಣ್ವವನ್ನೇ ತಡೆಯುತ್ತದೆ. ಕ್ಯಾಂಡಿಡಾ ರೋಗಿಗಳಿಗೆ ಇದು ಬಹಳ ಉಪಕಾರಿ. ಇಂತಹ ರೋಗಗಳಲ್ಲಿ ರಕ್ತದಲ್ಲಿ ಗ್ಲೂಕನ್ನನ್ನು ಹುಡುಕುವ ಪರೀಕ್ಷೆಯೂ ಉಂಟು.

ಆದರೆ ಎಲ್ಲ ಶಿಲೀಂಧ್ರಗಳ ಗೋಡೆಯೂ ಒಂದೇ ಅಲ್ಲ. 2021ರಲ್ಲಿ ಕೋವಿಡ್ಡಿನ ಎರಡನೆಯ ಅಲೆಯೊಡನೆ ಕರ್ನಾಟಕವೂ ಸೇರಿ ದೇಶದಲ್ಲೆಲ್ಲ 'ಕಪ್ಪು ಶಿಲೀಂಧ್ರ'ದ ರೋಗ ಹರಡಿತು. ಆ ಶಿಲೀಂಧ್ರಗಳ ಗೋಡೆಯಲ್ಲಿ ಕೈಟಿನ್, ಕೈಟೋಸಾನ್‌ಗಳೇ ಮುಖ್ಯ. ಆ ಬಗೆಯ ಗ್ಲೂಕನ್ ತೀರ ಕಡಮೆ. ಆದುದರಿಂದ ರಕ್ತಪರೀಕ್ಷೆಯಲ್ಲಿ ಅದರ ಸುಳಿವು ಸಿಗದು. ಕ್ಯಾಸ್ಪೊಫಂಜಿನ್ ಒಂದರಿಂದಲೇ ಗುಣವಾಗದು. ವೈದ್ಯರು ಶಸ್ತ್ರಚಿಕಿತ್ಸೆಯನ್ನೂ ಅದೇ ಹಳೆಯ ಆಂಫೊಟೆರಿಸಿನ್ನನ್ನೂ ಅವಲಂಬಿಸಬೇಕಾಯಿತು.

ಕ್ಷಾರದಲ್ಲಿ ಕರಗಿದುದೇನು, ಉಳಿದುದೇನು ಎಂಬ ಬ್ರಾಕೊನೊನ ಪ್ರಶ್ನೆ ಹೀಗೆ ರೋಗಿಯ ಹಾಸಿಗೆಯ ಬಳಿಗೇ ಬಂದು ನಿಂತಿದೆ. ಯಾವ ಶಿಲೀಂಧ್ರದ ಗೋಡೆಯಲ್ಲಿ ಯಾವ ಇಟ್ಟಿಗೆಯಿದೆಯೆಂಬುದನ್ನು ತಿಳಿಯದೆ, ಅದನ್ನು ಕೆಡವುವ ಔಷಧವನ್ನು ಆರಿಸಲಾಗದು.