ಲಾರಿ ಕ್ಯಾಬಿನ್‌ನಲ್ಲಿ ನಿದ್ದೆ: ಒಣ ಗಾಳಿಯಿಂದ ಮೂಗು, ಗಂಟಲು ಕಾಪಾಡಿಕೊಳ್ಳುವುದು ಹೇಗೆ?

ನಿಮ್ಮ ಮನೆಯಲ್ಲಿ ದೂರದೂರಿಗೆ ಲಾರಿ ಓಡಿಸುವವರಿದ್ದಾರೆಯೇ? ಹಾಗಿದ್ದರೆ ಈ ಮಾತುಗಳನ್ನು ನೀವು ಫೋನಿನಲ್ಲಿ ಕೇಳಿರುತ್ತೀರಿ: “ಗಂಟಲೆಲ್ಲ ಒಣಗಿದೆ. ಬೆಳಿಗ್ಗೆ ಮೂಗು ಸೀಟಿದರೆ ರಕ್ತ ಬಂತು. ಕಣ್ಣು ಉರಿಯುತ್ತದೆ. ರಾತ್ರಿ ನಿದ್ದೆಯೇ ಇಲ್ಲ.” ಜ್ವರ ಇಲ್ಲದ ಕಾರಣ ಇದನ್ನು ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ. ಮೆಡಿಕಲ್ ಅಂಗಡಿಯಿಂದ ಎರಡು ಶೀತದ ಮಾತ್ರೆ ತೆಗೆದುಕೊಂಡು ಮತ್ತೆ ಸ್ಟೇರಿಂಗ್ ಹಿಡಿಯುತ್ತಾರೆ. ಆದರೆ ರಾತ್ರಿ ನಾಲ್ಕು ಸಲ ಎದ್ದು ಕೂತವನು ಹಗಲು ಹೆದ್ದಾರಿಯಲ್ಲಿ ತೂಕಡಿಸುತ್ತಾನೆ. ಆ ತೂಕಡಿಕೆ ಅವನ ಜೀವಕ್ಕೂ ಎದುರಿನಿಂದ ಬರುವವರ ಜೀವಕ್ಕೂ ಅಪಾಯ.

ನೀವೇ ಚಾಲಕರಾಗಿದ್ದರೆ ಇದನ್ನು ಓದಿ. ಮನೆಯಲ್ಲಿ ಚಾಲಕರಿದ್ದರೆ ಅವರಿಗೆ ಓದಿ ಹೇಳಿ.

ಗಾಳಿ ಒಣಗುವುದೇಕೆ?

ನಮ್ಮ ಕರಾವಳಿಯ ಗಾಳಿಯಲ್ಲಿ ವರ್ಷವಿಡೀ ತೇವ ಇರುತ್ತದೆ. ಇಲ್ಲಿ ಹುಟ್ಟಿ ಬೆಳೆದವರ ಮೂಗಿಗೂ ಅದೇ ಅಭ್ಯಾಸ. ಅಡಿಕೆ ತುಂಬಿಕೊಂಡು ಗುಜರಾತಿಗೆ ಹೊರಟವರು, ಹುಬ್ಬಳ್ಳಿ, ಬೆಳಗಾವಿ ದಾಟಿ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಉದಯಪುರ, ಜೈಪುರದ ಕಡೆಗೆ ಸಾಗುವವರು ಕೆಲವೇ ದಿನಗಳಲ್ಲಿ ಬೇರೆಯೇ ಗಾಳಿಗೆ ಬಂದಿರುತ್ತಾರೆ. ಅಲ್ಲಿ ಜನವರಿಯಲ್ಲಿ ಒಣ ಚಳಿ, ಏಪ್ರಿಲ್‌ನಲ್ಲಿ ಒಣ ಬಿಸಿಗಾಳಿ.

ತಣ್ಣನೆಯ ಗಾಳಿಗೆ ನೀರನ್ನು ಹಿಡಿದಿಡುವ ಶಕ್ತಿ ಕಡಿಮೆ. 10 ಡಿಗ್ರಿ ಚಳಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 9 ಗ್ರಾಂ ನೀರಿನಾವಿ ಹಿಡಿಯುತ್ತದೆ. 25 ಡಿಗ್ರಿಯಲ್ಲಿ ಅದೇ ಗಾಳಿ ಸುಮಾರು 23 ಗ್ರಾಂ ಹಿಡಿಯಬಲ್ಲದು. ಚಳಿಯ ರಾತ್ರಿ ಹೀಟರ್ ಹಾಕಿದಾಗ ಗಾಳಿ ಬಿಸಿಯಾಗುತ್ತದೆ, ನೀರು ಮಾತ್ರ ಅಷ್ಟೇ ಉಳಿಯುತ್ತದೆ. ಆಗ ಹಸಿದ ಗಾಳಿ ತನಗೆ ಬೇಕಾದ ನೀರನ್ನು ನಿಮ್ಮ ಮೂಗು, ಗಂಟಲು, ಕಣ್ಣು, ತುಟಿಗಳಿಂದ ಎಳೆದುಕೊಳ್ಳುತ್ತದೆ.

ಏಸಿಯ ದಾರಿ ಬೇರೆ, ಪರಿಣಾಮ ಒಂದೇ. ಏಸಿಯ ತಣ್ಣನೆಯ ಕೊಳವೆಗೆ ತಾಗಿದ ಗಾಳಿಯ ತೇವ ಹನಿಯಾಗಿ ಹೊರಗೆ ಸೋರುತ್ತದೆ. ಲಾರಿಯ ಅಡಿಯಲ್ಲಿ ತೊಟ್ಟಿಕ್ಕುವ ನೀರು ಅದೇ. 2025ರ ಅಕ್ಟೋಬರ್ 1ರಿಂದ ತಯಾರಾಗುವ, 3.5 ಟನ್ನಿಗಿಂತ ಹೆಚ್ಚಿನ ಸರಕು ವಾಹನಗಳ ಕ್ಯಾಬಿನ್‌ಗೆ ಏಸಿ ಕಡ್ಡಾಯವಾಗಿದೆ. ಬೇಸಿಗೆಯಲ್ಲಿ ಬೆಂದುಹೋಗುತ್ತಿದ್ದ ಚಾಲಕರಿಗೆ ಇದು ದೊಡ್ಡ ಉಪಕಾರ. ಜೊತೆಗೆ ಅದನ್ನು ಬಳಸುವ ಕ್ರಮವನ್ನೂ ಕಲಿಯಬೇಕು.

ಮೂಗಿನ ಒಳಪದರದ ಮೇಲೆ ತೆಳ್ಳನೆಯ ಲೋಳೆ ಮತ್ತು ಸೂಕ್ಷ್ಮ ರೋಮಗಳಿವೆ. ಧೂಳು, ರೋಗಾಣುಗಳನ್ನು ಹಿಡಿದು ಹೊರಗೆ ಸಾಗಿಸುವುದು ಇವುಗಳ ಕೆಲಸ. ಲೋಳೆ ಒಣಗಿದರೆ ಆ ಕೆಲಸ ಕುಂಟುತ್ತದೆ. ಪದರ ಬಿರಿದು ರಕ್ತ ಬರುತ್ತದೆ, ಶೀತ ಕೆಮ್ಮು ಬೇಗ ಅಂಟುತ್ತದೆ.

ಮಲಗುವ ಮುನ್ನ ಕ್ಯಾಬಿನ್ ಸಿದ್ಧಪಡಿಸಿ

• ಏಸಿ ಅಥವಾ ಹೀಟರಿನ ಗಾಳಿ ನೇರವಾಗಿ ಮುಖಕ್ಕೆ ಬೀಸದಂತೆ ತಿರುಗಿಸಿ. ಏಸಿಯನ್ನು ತೀರಾ ತಣ್ಣಗೆ ಇಡಬೇಡಿ.

• ಕಿಟಕಿಯನ್ನು ಎರಡು ಬೆರಳಿನಷ್ಟಾದರೂ ತೆರೆದಿಡಿ. ಸೊಳ್ಳೆ ಬರುವುದಾದರೆ ಕಿಟಕಿಯ ಅಳತೆಗೆ ಸೊಳ್ಳೆಪರದೆಯ ಬಟ್ಟೆ ಹೊಲಿಸಿ, ಅಂಟುಪಟ್ಟಿಯಿಂದ ಹಚ್ಚಿ. ಮನೆಯಲ್ಲಿ ಹೊಲಿಗೆ ಬಲ್ಲವರಿದ್ದರೆ ಇದು ಅರ್ಧ ಗಂಟೆಯ ಕೆಲಸ.

• ಒಣ ಹವೆಯ ಊರಿನಲ್ಲಿ ಒಂದು ಟವೆಲನ್ನು ಶುದ್ಧ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಕ್ಯಾಬಿನ್‌ನಲ್ಲಿ ತೂಗುಹಾಕಿ. ಕ್ಯಾಬಿನ್ ಸಣ್ಣದಾದ್ದರಿಂದ ಇಷ್ಟರಿಂದಲೇ ವ್ಯತ್ಯಾಸ ತಿಳಿಯುತ್ತದೆ. ಬೆಳಿಗ್ಗೆ ಅದನ್ನು ಹೊರಗೆ ಒಣಗಿಸಿ. ಮಳೆಗಾಲದಲ್ಲಿ, ಕರಾವಳಿಯಲ್ಲಿ ಈ ಉಪಾಯ ಬೇಡ. ಅಲ್ಲಿ ತೇವ ಹೆಚ್ಚಾದರೆ ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ.

• ಏಸಿಯ ಗಾಳಿ ಮುಗ್ಗಲು ವಾಸನೆ ಬರುತ್ತಿದ್ದರೆ ಒಳಗೆ ಬೂಷ್ಟು ಬೆಳೆದಿದೆ ಎಂದರ್ಥ. ಸರ್ವಿಸಿಗೆ ಬಿಟ್ಟಾಗ ಕ್ಯಾಬಿನ್ ಫಿಲ್ಟರನ್ನು ಶುಚಿ ಮಾಡಿಸಿ ಅಥವಾ ಬದಲಿಸಿ.

• ಸಿಮೆಂಟ್, ಕಲ್ಲಿದ್ದಲು, ಭತ್ತದ ಹೊಟ್ಟು, ಬ್ಯಾಡಗಿ ಮೆಣಸಿನಕಾಯಿಯಂತಹ ಲೋಡ್ ಇಳಿಸಿದ ದಿನ ಬಟ್ಟೆ ಬದಲಿಸದೆ ಹಾಸಿಗೆಗೆ ಹೋಗಬೇಡಿ. ಚಪ್ಪಲಿ ಹೊರಗಿರಲಿ. ಕ್ಯಾಬಿನನ್ನು ಒಣ ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ.

• ಇಂಜಿನ್ ಚಾಲೂ ಇಟ್ಟು ನಿಂತಿರುವ ಲಾರಿಗಳ ಪಕ್ಕದಲ್ಲಿ ನಿಲ್ಲಿಸಬೇಡಿ. ಬೀಡಿ, ಸಿಗರೇಟು, ಅಗರಬತ್ತಿ, ಘಾಟು ಸೆಂಟಿನ ಡಬ್ಬಿ ಇವೆಲ್ಲ ಒಣಗಿದ ಗಂಟಲಿಗೆ ಇನ್ನಷ್ಟು ಉರಿ ತರುತ್ತವೆ.

ಬೆಂಕಿ ಖಂಡಿತ ಬೇಡ

ಉತ್ತರದ ಚಳಿ ತಡೆಯಲಾಗದೆ ಕೆಲವರು ಕ್ಯಾಬಿನ್ ಒಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುತ್ತಾರೆ. ಕೆಲವರು ಸ್ಟೌವ್ ಹಚ್ಚಿಡುತ್ತಾರೆ. ದಯವಿಟ್ಟು ಇದನ್ನು ಎಂದಿಗೂ ಮಾಡಬೇಡಿ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು. ನಿದ್ದೆಯಲ್ಲಿರುವವನಿಗೆ ಅದೂ ತಿಳಿಯದೆ ಪ್ರಾಣ ಹೋಗಬಹುದು. ಕಿಟಕಿ ಸ್ವಲ್ಪ ತೆರೆದಿದೆ ಎಂಬ ಧೈರ್ಯವೂ ಇಲ್ಲಿ ಸಲ್ಲದು.

ಇಂಜಿನ್ ಚಾಲೂ ಇಟ್ಟು ಮಲಗುವುದರಲ್ಲೂ ಇದೇ ಅಪಾಯವಿದೆ. ಸೈಲೆನ್ಸರ್ ಕೊಳವೆ ಎಲ್ಲಾದರೂ ಸೋರುತ್ತಿದ್ದರೆ, ಅಥವಾ ಲಾರಿ ಗೋಡೆಗೆ ತಾಗಿದಂತೆ ಇಲ್ಲವೇ ಶೆಡ್ಡಿನೊಳಗೆ ನಿಂತಿದ್ದರೆ, ಹೊಗೆ ಕ್ಯಾಬಿನ್ ಸೇರುತ್ತದೆ. ಕ್ಯಾಬಿನನ್ನು ಮೊದಲೇ ಬಿಸಿ ಅಥವಾ ತಣ್ಣಗೆ ಮಾಡಿಕೊಂಡು, ಇಂಜಿನ್ ಆರಿಸಿ ಮಲಗಿ. ಚಳಿಗೆ ಒಳ್ಳೆಯ ಕಂಬಳಿ, ಉಣ್ಣೆಯ ಟೋಪಿ, ಕಾಲುಚೀಲ ಸಾಕು. ಮುಚ್ಚಿದ ಕ್ಯಾಬಿನ್‌ನಲ್ಲಿ ಸೊಳ್ಳೆಬತ್ತಿಯನ್ನೂ ಹಚ್ಚಬೇಡಿ.

ಶರೀರಕ್ಕೆ ತೇವ ಕೊಡಿ

ಶೌಚಾಲಯ ಸಿಗುವುದಿಲ್ಲವೆಂದು ಚಾಲಕರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬಾಯಾರಿದ ಶರೀರ ಮೂಗು, ಗಂಟಲನ್ನು ಹೇಗೆ ಒದ್ದೆಯಾಗಿಡಬೇಕು? ಹಗಲಿಡೀ ಸ್ವಲ್ಪ ಸ್ವಲ್ಪ ಕುಡಿಯಿರಿ. ಮೂತ್ರ ತಿಳಿ ಹಳದಿ ಇದ್ದರೆ ನೀರು ಸಾಕಾಗಿದೆ, ಗಾಢ ಹಳದಿ ಇದ್ದರೆ ಸಾಲದು. ರಾತ್ರಿಯ ಊಟದ ನಂತರ ಚಹಾ ಬೇಡ, ಅದು ನಿದ್ದೆ ಕೆಡಿಸುತ್ತದೆ. ರಮಝಾನ್‌ನಲ್ಲಿ ಉಪವಾಸವಿದ್ದು ಓಡಿಸುವವರು ಇಫ್ತಾರ್‌ನಿಂದ ಸಹ್ರಿಯವರೆಗೆ ನೀರನ್ನು ಹಂಚಿ ಕುಡಿಯಬೇಕು. ದಾರಿಯಲ್ಲಿ ತಲೆಸುತ್ತು ಬಂದರೆ ಲಾರಿ ನಿಲ್ಲಿಸಬೇಕು. ಪ್ರಯಾಣಿಕನಿಗೆ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡುವ ರಿಯಾಯಿತಿ ಇರುವುದೂ ನೆನಪಿರಲಿ.

ವುಝೂ ಮಾಡುವಾಗ ಮೂಗಿಗೆ ನೀರೆಳೆದು ಸ್ವಚ್ಛಗೊಳಿಸುವ ಅಭ್ಯಾಸ ನಿಮಗಿದೆ. ಧೂಳಿನ ದಾರಿಯಲ್ಲಿ ಅದರಿಂದ ಮೂಗಿಗೆ ಹಿತವೂ ಆಗುತ್ತದೆ. ಒಣಗಿದ ಮೂಗನ್ನು ಜೋರಾಗಿ ಸೀಟಬೇಡಿ, ಬೆರಳಿನಿಂದ ಕೆರೆಯಬೇಡಿ. ನಿಂತ ನೀರು, ಹಳೆಯ ಟ್ಯಾಂಕಿನ ನೀರನ್ನು ಮೂಗಿನ ಆಳಕ್ಕೆ ಎಳೆಯಬೇಡಿ. ಮಲಗುವ ಮುನ್ನ ಪ್ರತಿ ಹೊಳ್ಳೆಗೆ ಎರಡು ಹನಿ ಸಲೈನ್ ಹಾಕಿಕೊಳ್ಳಿ. ಔಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಮನೆಯಲ್ಲಿದ್ದಾಗ ಕಾಲು ಲೀಟರ್ ನೀರನ್ನು ಕುದಿಸಿ ಆರಿಸಿ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಅದೇ ದಿನ ಬಳಸಬಹುದು.

ತುಟಿ, ಕೈಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ. ಮೂಗಿನ ಒಳಗೆ ಎಣ್ಣೆ ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕಣ್ಣು ಉರಿದರೆ ತಣ್ಣೀರಿನ ಬಟ್ಟೆ ಇಡಿ, ಉಜ್ಜಬೇಡಿ.

ಮೂಗಿನಿಂದ ರಕ್ತ ಬಂದರೆ

ತಲೆಯನ್ನು ಹಿಂದಕ್ಕೆ ಬಾಗಿಸಿ ಮಲಗುವುದು ತಪ್ಪು. ರಕ್ತ ಗಂಟಲಿಗೆ ಇಳಿಯುತ್ತದೆ. ಕುಳಿತು ಸ್ವಲ್ಪ ಮುಂದಕ್ಕೆ ಬಾಗಿ, ಮೂಗಿನ ಮೆದು ಭಾಗವನ್ನು ಎರಡು ಬೆರಳಿನಿಂದ ಒತ್ತಿ ಹಿಡಿದು ಬಾಯಿಯಿಂದ ಉಸಿರಾಡಿ. 10ರಿಂದ 15 ನಿಮಿಷ ನಡುವೆ ಬಿಡದೆ ಹಿಡಿಯಿರಿ. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ, ರಕ್ತ ತುಂಬಾ ಹೋಗುತ್ತಿದ್ದರೆ, ಅಥವಾ ನೀವು ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಾದರೆ ಆಸ್ಪತ್ರೆಗೆ ಹೋಗಿ. ರಕ್ತದೊತ್ತಡವನ್ನೂ ಪರೀಕ್ಷಿಸಿಕೊಳ್ಳಿ.

ಮಾತ್ರೆಯ ಬಗ್ಗೆ ಎಚ್ಚರ

ಶೀತಕ್ಕೆಂದು ಕೊಡುವ ಕ್ಲೋರ್ಫೆನಿರಮೈನ್, ಸೆಟಿರಿಜಿನ್‌ನಂತಹ ಮಾತ್ರೆಗಳು ನಿದ್ದೆ ತರಿಸಬಲ್ಲವು, ಬಾಯಿಯನ್ನು ಇನ್ನಷ್ಟು ಒಣಗಿಸಬಲ್ಲವು. ಇವನ್ನು ನುಂಗಿ ಲಾರಿ ಓಡಿಸಬಾರದು. ಮೂಗು ಬಿಡಿಸುವ ಔಷಧದ ಹನಿಯನ್ನು ನಾಲ್ಕೈದು ದಿನಕ್ಕಿಂತ ಹೆಚ್ಚು ಬಳಸಿದರೆ ಮೂಗು ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ. ಔಷಧಿ ಅಂಗಡಿಯಲ್ಲಿ ಮೊದಲೇ ಹೇಳಿ: “ನಾನು ಡ್ರೈವರ್, ನಿದ್ದೆ ಬರುವ ಮಾತ್ರೆ ಬೇಡ.”

ಎಲ್ಲವೂ ಒಣ ಗಾಳಿಯಿಂದಲೇ ಎಂದು ಸುಮ್ಮನಿರಬೇಡಿ. ಮನೆಗೆ ಬಂದು ವಾರವಾದರೂ ಬಾಯಿ ಒಣಗುವುದು, ಅತಿಯಾದ ದಾಹ ಇದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಕೆಮ್ಮು ಎರಡು ವಾರ ದಾಟಿದರೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು, ಹಗಲು ತಡೆಯಲಾಗದ ತೂಕಡಿಕೆ ಇವು ಮೂರೂ ಸೇರಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಇದನ್ನು ಮೊದಲು ಗಮನಿಸುವವರು ಪತ್ನಿಯೇ.

ಮನೆಯವರ ಪಾಲು

ಅವರು ಊರಿಗೆ ಬಂದಾಗ ಲಾರಿಯ ಹಾಸಿಗೆ, ದಿಂಬು, ಪರದೆಯನ್ನು ಮನೆಗೆ ತರಿಸಿ. ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು, ಹಾಸಿಗೆಯನ್ನು ಬಿಸಿಲಿಗೆ ಹಾಕಿ. ಹೊರಡುವಾಗ ಒಂದು ಚೀಲ ಕಟ್ಟಿಕೊಡಿ: ನೀರಿನ ದೊಡ್ಡ ಬಾಟಲಿ, ಎರಡು ಶುಚಿಯಾದ ಟವೆಲ್, ಸಲೈನ್ ಹನಿ, ಕೊಬ್ಬರಿ ಎಣ್ಣೆ, ಕಿಟಕಿಯ ಪರದೆ, ಕಂಬಳಿ. ರಾತ್ರಿ ಫೋನಿನಲ್ಲಿ “ಊಟ ಆಯಿತಾ?” ಎಂದು ಕೇಳುವಾಗ “ಕಿಟಕಿ ಸ್ವಲ್ಪ ತೆರೆದಿದ್ದೀರಾ? ಇಂಜಿನ್ ಆಫ್ ಮಾಡಿದ್ದೀರಾ?” ಎಂದೂ ಕೇಳಿ. ಚೆನ್ನಾಗಿ ನಿದ್ದೆ ಮಾಡಿದವರು ಸುರಕ್ಷಿತವಾಗಿ ಮನೆಗೆ ಮರಳಲಿ.