ಗಗನಕ್ಕೂ ಗಡಿಯುಂಟು

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಮೇಲೆದ್ದ ಪುಟ್ಟ ವಿಮಾನವೊಂದು ಪಶ್ಚಿಮಾಭಿಮುಖವಾಗಿ ಹಾರಿದರೆ ಅದರ ಚಾಲಕನ ಮುಂದೆ ರಮ್ಯವಾದ ಭೂಪಟವೊಂದು ತೆರೆದುಕೊಳ್ಳುತ್ತದೆ. ಬಲಕ್ಕೆ ಕೃಷ್ಣರಾಜನಗರದ ಮಗ್ಗುಲಲ್ಲಿ ಹರಿಯುವ ಕಾವೇರಿ. ಎದುರಿಗೆ ಹುಣಸೂರನ್ನು ತಾಕಿ ಸಾಗುವ ಲಕ್ಷ್ಮಣತೀರ್ಥ. ಎಡಕ್ಕೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಜಲಾಶಯ. ದೂರದಲ್ಲಿ ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಹೊಲಗಳು. ಹಳ್ಳ, ಹೊಳೆ, ಕಾಡು, ಕೆರೆಗಳೆಲ್ಲ ಕಾಣುತ್ತವೆ. ಆದರೆ ಒಂದು ತಾಲ್ಲೂಕು ಎಲ್ಲಿ ಮುಗಿಯಿತು, ಮತ್ತೊಂದು ಎಲ್ಲಿ ತೊಡಗಿತು ಎಂಬುದು ಮಾತ್ರ ಕಾಣುವುದಿಲ್ಲ. ಕರ್ನಾಟಕದ ಕಾಡು ಕೇರಳದ ಕಾಡಿನಲ್ಲಿ ಬೆರೆಯುವ ಕಡೆಯಲ್ಲಿಯೂ ಗೆರೆಯೊಂದನ್ನು ಪ್ರಕೃತಿ ಎಳೆದಿಲ್ಲ.

ಹಾಗಾದರೆ ಆಗಸಕ್ಕೆ ಎಲ್ಲೆಯೇ ಇಲ್ಲವೆ? ಸ್ವಂತ ವಿಮಾನವುಳ್ಳವನು ಹಕ್ಕಿಯಂತೆ ಯಾವ ದೇಶಕ್ಕೆ ಬೇಕಾದರೂ ಹಾರಿ ಹೋಗಬಹುದೆ? ಹೋಗಬಹುದು, ಆದರೆ ಹಕ್ಕಿಯಂತೆ ಅಲ್ಲ. ಕಣ್ಣಿಗೆ ಕಾಣದ ಗಡಿಗಳು ಗಗನದಲ್ಲಿಯೂ ಇವೆ. ಅವುಗಳನ್ನು ಮನುಷ್ಯನೇ ನಿರ್ಮಿಸಿಕೊಂಡಿದ್ದಾನೆ. ದಾಟುವ ದಾರಿಯನ್ನೂ ಅವನೇ ರೂಪಿಸಿಕೊಂಡಿದ್ದಾನೆ.

ಗಡಿ ಎಂದರೆ ಏನೆಂಬುದು ಈ ಸೀಮೆಯ ಜನರಿಗೆ ಹೊಸ ವಿಷಯವಲ್ಲ. ಹೆಗ್ಗಡದೇವನಕೋಟೆಯಿಂದ ವಯನಾಡಿಗೆ ಹೋಗುವ ಹಾದಿಯಲ್ಲಿ ಬಾವಲಿಯ ತನಿಖಾ ಠಾಣೆಯಿದೆ. ಹುಣಸೂರು, ಪಿರಿಯಾಪಟ್ಟಣಗಳ ಹರಾಜು ಕಟ್ಟೆಗಳಲ್ಲಿ ಮಾರಾಟವಾದ ಹೊಗೆಸೊಪ್ಪು ಪರದೇಶಕ್ಕೆ ಹೋಗಬೇಕಾದರೆ ಬಂದರಿನಲ್ಲಿ ಸುಂಕದ ಅಧಿಕಾರಿಗಳ ಅನುಮತಿ ಪಡೆಯಲೇಬೇಕು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ನೆಲೆನಿಂತ ಟಿಬೆಟ್ಟಿನ ಜನ ಹಿಮಾಲಯದ ಗಡಿಯನ್ನು ದಾಟಿ ಬಂದವರು. ಗಡಿಯ ಒಂದು ಗೆರೆ ಮನುಷ್ಯನ ಬಾಳನ್ನು ಎಷ್ಟು ಆಳವಾಗಿ ಬದಲಿಸಬಲ್ಲದೆಂಬುದಕ್ಕೆ ಅವರ ಬದುಕೇ ಸಾಕ್ಷಿ.

ವಿಮಾನದ ಬಾಲ್ಯದಲ್ಲಿ ಆಗಸದ ಗಡಿಯ ವಿಚಾರವನ್ನು ಯಾರೂ ಹೆಚ್ಚಾಗಿ ಚಿಂತಿಸಿರಲಿಲ್ಲ. 1909ರ ಜುಲೈ 25ರಂದು ಫ್ರಾನ್ಸಿನ ಲೂಯಿ ಬ್ಲೇರಿಯೊ ತಾನೇ ನಿರ್ಮಿಸಿದ ವಿಮಾನದಲ್ಲಿ ಸಮುದ್ರವನ್ನು ದಾಟಿ ಇಂಗ್ಲೆಂಡಿನ ಡೋವರ್ ಕೋಟೆಯ ಬಳಿ ಇಳಿದನು. ಪಯಣಕ್ಕೆ ಹಿಡಿದ ಕಾಲ ಸುಮಾರು 37 ನಿಮಿಷ. ಸಮುದ್ರವನ್ನೇ ಅಗಳನ್ನಾಗಿ ನಂಬಿದ್ದ ದ್ವೀಪವೊಂದಕ್ಕೆ ಆ ಅಗಳು ಇನ್ನು ಸಾಲದೆಂಬುದು ಅಂದು ತಿಳಿಯಿತು. ಐದೇ ವರ್ಷಗಳಲ್ಲಿ ಮೊದಲನೆಯ ಮಹಾಯುದ್ಧ ಸಿಡಿಯಿತು. ವಿಮಾನಗಳು ಬಾಂಬುಗಳನ್ನು ಸುರಿಸಿದವು. ಯುದ್ಧ ಮುಗಿದ ಮೇಲೆ, 1919ರಲ್ಲಿ ಪ್ಯಾರಿಸ್ ನಗರದಲ್ಲಿ ಸೇರಿದ ರಾಷ್ಟ್ರಗಳು ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಗಸದ ಮೇಲೆ ಪೂರ್ಣ ಅಧಿಕಾರವುಂಟೆಂದು ಒಪ್ಪಿಕೊಂಡವು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗಲೇ, 1944ರ ಡಿಸೆಂಬರ್ 7ರಂದು, ಅಮೆರಿಕದ ಷಿಕಾಗೊ ನಗರದಲ್ಲಿ 52 ರಾಷ್ಟ್ರಗಳು ಇನ್ನೂ ವಿಸ್ತಾರವಾದ ಒಡಂಬಡಿಕೆಗೆ ಸಹಿ ಹಾಕಿದವು. ಇಂದಿಗೂ ಜಗತ್ತಿನ ನಾಗರಿಕ ವಿಮಾನಯಾನಕ್ಕೆ ಷಿಕಾಗೊ ಒಡಂಬಡಿಕೆಯೇ ತಳಹದಿ. ಅದರ ಮೇರೆಗೆ ದೇಶದ ಸಾರ್ವಭೌಮಾಧಿಕಾರ ನೆಲದ ಮೇಲಿನ ಆಗಸಕ್ಕೆ ಮಾತ್ರವಲ್ಲದೆ, ಕರಾವಳಿಗೆ ಹೊಂದಿಕೊಂಡ ಪ್ರಾದೇಶಿಕ ಸಮುದ್ರದ ಮೇಲಿನ ಆಗಸಕ್ಕೂ ಅನ್ವಯಿಸುತ್ತದೆ. ಈ ಸಮುದ್ರದ ಅಗಲ 12 ನಾವಿಕ ಮೈಲಿ, ಎಂದರೆ ಸುಮಾರು 22 ಕಿಲೋಮೀಟರು.

ಗಡಿಗಳನ್ನು ದಾಟಿ ಹಾರಿದ ಭಾರತೀಯ ಸಾಹಸಿಗಳ ಕಥೆ ಸ್ವಾರಸ್ಯಕರವಾದುದು. ಇಂಗ್ಲೆಂಡ್ ಮತ್ತು ಭಾರತಗಳ ನಡುವೆ ಒಂಟಿಯಾಗಿ ವಿಮಾನ ನಡೆಸುವ ಮೊದಲ ಭಾರತೀಯನಿಗೆ ಆಗಾಖಾನರು ಬಹುಮಾನವೊಂದನ್ನು ಘೋಷಿಸಿದ್ದರು. 1930ರಲ್ಲಿ ಮೂವರು ತರುಣರು ಅದಕ್ಕಾಗಿ ಹೊರಟರು. ಮನಮೋಹನ ಸಿಂಗ್ ಮತ್ತು ಹದಿನೇಳು ವರ್ಷದ ಆಸ್ಪಿ ಇಂಜಿನಿಯರ್ ಇಂಗ್ಲೆಂಡಿನಿಂದ ಭಾರತದ ಕಡೆಗೆ ಹಾರಿದರೆ, ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಇಂಗ್ಲೆಂಡಿನ ಕಡೆಗೆ ಹೊರಟರು. ನಡುದಾರಿಯಲ್ಲಿ, ಈಜಿಪ್ಟಿನ ಅಬೂಕಿರ್ ಎಂಬಲ್ಲಿ, ಟಾಟಾ ಮತ್ತು ಆಸ್ಪಿ ಸಂಧಿಸಿದರು. ಆಸ್ಪಿಯ ವಿಮಾನಕ್ಕೆ ಬೇಕಾಗಿದ್ದ ಸ್ಪಾರ್ಕ್ ಪ್ಲಗ್ ಸಿಗದೆ ಅವನು ಅಲ್ಲಿಯೇ ಉಳಿದಿದ್ದನು. ಎದುರಾಳಿಯೆಂದು ಎಣಿಸದೆ ಟಾಟಾ ತಮ್ಮಲ್ಲಿದ್ದ ಹೆಚ್ಚಿನ ಪ್ಲಗ್ಗುಗಳನ್ನು ಅವನಿಗೆ ಕೊಟ್ಟರು. ಆಸ್ಪಿ ಕೆಲವೇ ಗಂಟೆಗಳ ಅಂತರದಲ್ಲಿ ಮೊದಲು ಗುರಿ ಮುಟ್ಟಿ ಬಹುಮಾನವನ್ನು ಗೆದ್ದನು. ಆ ಹುಡುಗನೇ ಮುಂದೆ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ಮುಖ್ಯಸ್ಥರಾಗಿ ದುಡಿದು, 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಾಧಿಕಾರಿಯಾದರು. ಟಾಟಾ ಅವರು 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬಯಿಗೆ ಅಂಚೆಯ ವಿಮಾನವನ್ನು ನಡೆಸಿದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಒಯ್ದನು. ಇಂಗ್ಲೆಂಡಿನಿಂದ ಹಲವು ದೇಶಗಳನ್ನು ದಾಟಿ ಕರಾಚಿಗೆ ಬಂದ ಕಾಗದಗಳು ಹೀಗೆ ಕನ್ನಡ ನೆಲವನ್ನೂ ಸ್ಪರ್ಶಿಸಿ ಮುಂದೆ ಸಾಗಿದವು.

ಇಂದು ಖಾಸಗಿ ವಿಮಾನವೊಂದು ಗಡಿ ದಾಟುವುದು ಹೇಗೆ? ಮಂಡಕಳ್ಳಿಯಿಂದ ಶ್ರೀಲಂಕೆಯ ಕೊಲಂಬೊ ನೇರ ದಾರಿಯಲ್ಲಿ ಸುಮಾರು 700 ಕಿಲೋಮೀಟರು. ಗಂಟೆಗೆ 200 ಕಿಲೋಮೀಟರು ವೇಗದ ಪುಟ್ಟ ವಿಮಾನಕ್ಕೆ ಅದು ಮೂರೂವರೆ ಗಂಟೆಯ ದಾರಿ. ಆದರೆ ಮಂಡಕಳ್ಳಿಯದು ದೇಶದೊಳಗಿನ ಸಂಚಾರಕ್ಕೆ ಮೀಸಲಾದ ನಿಲ್ದಾಣ. ಪರದೇಶಕ್ಕೆ ಹೊರಡುವ ವಿಮಾನ ಸುಂಕದ ತಪಾಸಣೆ ಮತ್ತು ಪಾಸ್‌ಪೋರ್ಟ್ ತಪಾಸಣೆ ನಡೆಯುವ ಅಂತರರಾಷ್ಟ್ರೀಯ ನಿಲ್ದಾಣದಿಂದಲೇ ಹೊರಡಬೇಕು. ಆದುದರಿಂದ ಚಾಲಕನು ಮೊದಲು ತಿರುಚಿರಾಪಳ್ಳಿಯಂತಹ ನಿಲ್ದಾಣದಲ್ಲಿ ಇಳಿಯಬೇಕಾಗುತ್ತದೆ.

ಹೊರಡುವ ಎಷ್ಟೋ ದಿನ ಮೊದಲೇ ಅವನ ಕೆಲಸ ಪ್ರಾರಂಭವಾಗಿರುತ್ತದೆ. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮತ್ತು ಸೇರಬೇಕಾದ ದೇಶದ ಅನುಮತಿಗಳನ್ನು ಅವನು ಪಡೆಯಬೇಕು. ವಿಮಾನದ ನೋಂದಣಿ ಪತ್ರ, ಅದು ಹಾರಲು ಯೋಗ್ಯವೆಂಬ ಪ್ರಮಾಣಪತ್ರ, ಚಾಲಕನ ಪರವಾನಗಿ, ರೇಡಿಯೊ ಪರವಾನಗಿ, ಪ್ರಯಾಣದ ದಿನಚರಿ ಪುಸ್ತಕ, ಪ್ರಯಾಣಿಕರ ಪಟ್ಟಿ, ಸರಕಿದ್ದರೆ ಅದರ ವಿವರ, ಇವೆಲ್ಲ ವಿಮಾನದಲ್ಲಿ ಇರಬೇಕೆಂದು ಷಿಕಾಗೊ ಒಡಂಬಡಿಕೆ ವಿಧಿಸುತ್ತದೆ. ವಿಮಾನದ ಮೈಮೇಲೆ ಅದು ಯಾವ ದೇಶದ್ದೆಂಬ ಗುರುತು ಬರೆದಿರಬೇಕು. ಭಾರತದ ವಿಮಾನಗಳು ‘ವಿಟಿ’ ಎಂಬ ಅಕ್ಷರಗಳಿಂದ ತೊಡಗುವ ಗುರುತನ್ನು ಹೊತ್ತಿರುತ್ತವೆ. ವಿಮಾನದಲ್ಲಿ ಇರುವವರಿಗೆ ಪಾಸ್‌ಪೋರ್ಟ್ ಹಾಗೂ ವೀಸಾಗಳು ಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲವೆಂಬ ಗಾದೆ ನೆಲದ ಮೇಲೆ ಹೇಗೋ ನಿಲ್ದಾಣದಲ್ಲಿಯೂ ಹಾಗೆಯೇ ಸಲ್ಲುತ್ತದೆ. ಒಂದು ಕಾಗದದ ಕೊರತೆಯಾದರೂ ಪಯಣ ಅಲ್ಲಿಗೇ ನಿಂತೀತು.

ಇದಾದ ಮೇಲೆ ‘ಹಾರಾಟದ ಯೋಜನೆ’ಯನ್ನು ಒಪ್ಪಿಸಬೇಕು. ಯಾವ ವಿಮಾನ, ಎಲ್ಲಿಂದ ಎಲ್ಲಿಗೆ, ಯಾವ ದಾರಿಯಲ್ಲಿ, ಎಷ್ಟು ಎತ್ತರದಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಇಂಧನದೊಡನೆ, ಎಷ್ಟು ಮಂದಿ ಎಂಬ ಎಲ್ಲ ವಿವರಗಳೂ ಅದರಲ್ಲಿರುತ್ತವೆ. ದೇಶದೇಶಗಳ ಗಡಿಯಾರಗಳು ಬೇರೆಬೇರೆಯಾದುದರಿಂದ ವೇಳೆಯನ್ನು ಜಾಗತಿಕ ಕಾಲದಲ್ಲಿ ಬರೆಯುತ್ತಾರೆ. ಭಾರತದಲ್ಲಿ ಬೆಳಗಿನ ಹತ್ತೂವರೆಯಾದಾಗ ಜಾಗತಿಕ ಕಾಲ ಐದು ಗಂಟೆ. ಈ ಯೋಜನೆಯನ್ನು ಪರಿಶೀಲಿಸಿ ವಾಯುರಕ್ಷಣೆಯ ಅಧಿಕಾರಿಗಳು ಒಂದು ಅನುಮತಿ ಸಂಖ್ಯೆಯನ್ನು ನೀಡುತ್ತಾರೆ. ಆ ಸಂಖ್ಯೆಯಿಲ್ಲದ ವಿಮಾನ ರೇಡಾರಿನ ತೆರೆಯ ಮೇಲೆ ಗುರುತಿಲ್ಲದ ಚುಕ್ಕೆಯಾಗಿ ಕಂಡು ಸಂಶಯಕ್ಕೆ ಗುರಿಯಾಗುತ್ತದೆ.

ಇನ್ನು ಇಂಧನ. ಗುರಿ ಮುಟ್ಟಲು ಬೇಕಾದಷ್ಟೇ ಇದ್ದರೆ ಸಾಲದು. ಅಲ್ಲಿ ಇಳಿಯಲಾಗದಿದ್ದರೆ ಮತ್ತೊಂದು ನಿಲ್ದಾಣಕ್ಕೆ ಹೋಗಲು ಬೇಕಾದಷ್ಟು, ಅದಕ್ಕೂ ಮೇಲೆ ಮೀಸಲು ಇಂಧನ ಇರಬೇಕು. ಪುಟ್ಟ ವಿಮಾನಗಳಲ್ಲಿ ಅನೇಕವು ವಿಶೇಷ ಬಗೆಯ ಪೆಟ್ರೋಲಿನಿಂದ ನಡೆಯುತ್ತವೆ. ಅದು ಎಲ್ಲ ನಿಲ್ದಾಣಗಳಲ್ಲಿಯೂ ದೊರೆಯುವುದಿಲ್ಲ. ಸಮುದ್ರದ ಮೇಲೆ ಹಾರುವಾಗ ತೇಲುವ ಅಂಗಿಗಳೂ ಜೊತೆಗಿರಬೇಕು. ಏಕೆಂದರೆ ಕಾವೇರಿ ಕಬಿನಿಗಳಂತಹ ಗುರುತುಗಳು ಕಡಲಿನ ಮೇಲಿಲ್ಲ. ಇಂಜಿನು ನಿಂತರೆ ಇಳಿಯಲು ಹೊಲವೂ ಇಲ್ಲ.

ಹಾರುತ್ತಿರುವಾಗ ಚಾಲಕನು ರೇಡಿಯೊ ಮೂಲಕ ನೆಲದೊಡನೆ ಮಾತನಾಡುತ್ತಿರುತ್ತಾನೆ. ಒಂದು ಹಂತದಲ್ಲಿ ಚೆನ್ನೈನ ನಿಯಂತ್ರಣಾಧಿಕಾರಿ ಅವನನ್ನು ಕೊಲಂಬೊದ ಅಧಿಕಾರಿಗೆ ಒಪ್ಪಿಸುತ್ತಾನೆ. ಧ್ವನಿಯೊಂದು ಬೀಳ್ಕೊಡುತ್ತದೆ, ಮತ್ತೊಂದು ಧ್ವನಿ ಬರಮಾಡಿಕೊಳ್ಳುತ್ತದೆ. ಆಗಸದಲ್ಲಿ ಗಡಿ ದಾಟಿದುದರ ಕುರುಹು ಇಷ್ಟೇ. ದಾರಿ ತಪ್ಪಿದ ವಿಮಾನವನ್ನು ತಡೆಯಲು ಯುದ್ಧವಿಮಾನ ಬಂದರೆ, ಅದು ರೆಕ್ಕೆಗಳನ್ನು ಅತ್ತಿತ್ತ ತೂಗಿ ‘ನನ್ನನ್ನು ಹಿಂಬಾಲಿಸು’ ಎಂದು ಸೂಚಿಸುತ್ತದೆ. ಚಾಲಕನೂ ರೆಕ್ಕೆಗಳನ್ನು ತೂಗಿ ಒಪ್ಪಿಗೆಯನ್ನು ತಿಳಿಸಿ ಹಿಂಬಾಲಿಸಬೇಕು. ಭಾಷೆ ಬಾರದ ಇಬ್ಬರ ನಡುವೆಯೂ ನಡೆಯಬಲ್ಲ ಸಂಭಾಷಣೆ ಇದು.

ಇಷ್ಟೊಂದು ನಿಯಮಗಳೇಕೆ ಎಂಬ ಪ್ರಶ್ನೆಗೆ ಮೂರು ಘಟನೆಗಳು ಉತ್ತರ ಹೇಳುತ್ತವೆ. 1983ರ ಸೆಪ್ಟೆಂಬರ್ 1ರಂದು ದಕ್ಷಿಣ ಕೊರಿಯದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಒಕ್ಕೂಟದ ಆಗಸವನ್ನು ಹೊಕ್ಕಿತು. ಯುದ್ಧವಿಮಾನವು ಅದನ್ನು ಹೊಡೆದುರುಳಿಸಿತು. 269 ಮಂದಿ ಮಡಿದರು. ಜಗತ್ತೇ ಮರುಗಿತು. ಮರುವರ್ಷ ಷಿಕಾಗೊ ಒಡಂಬಡಿಕೆಗೆ ಹೊಸ ವಿಧಿಯೊಂದನ್ನು ಸೇರಿಸಿ, ಹಾರುತ್ತಿರುವ ನಾಗರಿಕ ವಿಮಾನಗಳ ಮೇಲೆ ಶಸ್ತ್ರ ಪ್ರಯೋಗಿಸಬಾರದೆಂದು ರಾಷ್ಟ್ರಗಳು ನಿರ್ಧರಿಸಿದವು. 1987ರ ಮೇ 28ರಂದು, ಹತ್ತೊಂಬತ್ತು ತುಂಬಲು ಕೆಲವೇ ದಿನಗಳಿದ್ದ ಮಥಿಯಾಸ್ ರುಸ್ಟ್ ಎಂಬ ಜರ್ಮನ್ ತರುಣನು ಫಿನ್ಲೆಂಡಿನಿಂದ ಸ್ವೀಡನ್ನಿಗೆ ಹೋಗುವುದಾಗಿ ತಿಳಿಸಿ ಹೊರಟು, ಅನುಮತಿಯಿಲ್ಲದೆ ಮಾಸ್ಕೊದ ಕೆಂಪು ಚೌಕದ ಬಳಿ ಇಳಿದನು. ಶಾಂತಿಯನ್ನು ಸಾರುವುದು ತನ್ನ ಉದ್ದೇಶವೆಂದನು. ಪ್ರಾಣ ಉಳಿದುದು ಅವನ ಅದೃಷ್ಟ. ಆದರೂ ಸೆರೆವಾಸ ತಪ್ಪಲಿಲ್ಲ. ಮೂರನೆಯ ಘಟನೆ ಭಾರತದ್ದೇ. 1995ರ ಡಿಸೆಂಬರ್ 17ರ ರಾತ್ರಿ, ವಾರಾಣಸಿಯಲ್ಲಿ ಇಳಿದು ಹೊರಟಿದ್ದ ವಿದೇಶೀ ವಿಮಾನವೊಂದು ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯಲ್ಲಿ ಬಂದೂಕು ಮದ್ದುಗುಂಡುಗಳನ್ನು ಉದುರಿಸಿ ಹೋಯಿತು. ಕೆಲವು ದಿನಗಳ ಬಳಿಕ ಅದು ಮತ್ತೆ ಭಾರತದ ಆಗಸವನ್ನು ಪ್ರವೇಶಿಸಿದಾಗ ಅದನ್ನು ಮುಂಬಯಿಯಲ್ಲಿ ಬಲವಂತವಾಗಿ ಇಳಿಸಲಾಯಿತು.

ಈ ಮೂರನ್ನು ಜೊತೆಗಿಟ್ಟು ನೋಡಿದರೆ ಗಗನದ ಕಾನೂನಿನ ಕಷ್ಟ ಅರಿವಾಗುತ್ತದೆ. ಬಂದವನು ದಾರಿ ತಪ್ಪಿದ ಪ್ರಯಾಣಿಕನೋ, ಹುಡುಗಾಟದ ಸಾಹಸಿಯೋ, ಶಸ್ತ್ರ ಹೊತ್ತ ದ್ರೋಹಿಯೋ ಎಂಬುದನ್ನು ಕಾವಲುಗಾರನು ಕೆಲವೇ ನಿಮಿಷಗಳಲ್ಲಿ ತೀರ್ಮಾನಿಸಬೇಕು. ಹೆದರಿ ಹೊಡೆದರೆ ನಿರಪರಾಧಿಗಳು ಸಾಯುತ್ತಾರೆ. ಮೈಮರೆತರೆ ದೇಶಕ್ಕೆ ಕೇಡು. ಚಾಲಕನು ಮುಂಚಿತವಾಗಿ ಕೊಡುವ ವಿವರ ಈ ಸಂದಿಗ್ಧವನ್ನು ಬಿಡಿಸುತ್ತದೆ. ಆದುದರಿಂದ ಅದು ಕೇವಲ ಸರಕಾರಿ ಕಾಗದವಲ್ಲ. ಪ್ರಾಣವನ್ನು ಕಾಯುವ ಸಾಧನ.

ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಮೈಸೂರು ಸೀಮೆಯ ಕೆರೆಗಳಿಗೆ ಬರುತ್ತವೆ. ಅವುಗಳಿಗೆ ರಹದಾರಿ ಬೇಡ. ಅವು ಯಾರಿಗೂ ಕೇಡು ಬಗೆಯವೆಂದು ಎಲ್ಲ ದೇಶಗಳಿಗೂ ಗೊತ್ತು. ಮನುಷ್ಯನ ವಿಷಯದಲ್ಲಿ ಅಂತಹ ನಂಬಿಕೆ ತಾನಾಗಿ ಹುಟ್ಟುವುದಿಲ್ಲ; ಅದನ್ನು ಗಳಿಸಬೇಕಾಗುತ್ತದೆ. ಹಾಗೆ ಗಳಿಸಿದವರಿಗೆ ಗಗನ ಇಂದಿಗೂ ತೆರೆದೇ ಇದೆ. 2019ರ ಮೇ ತಿಂಗಳಲ್ಲಿ ಭಾರತದ ಯುವತಿ ಆರೋಹಿ ಪಂಡಿತ್ ‘ಮಾಹಿ’ ಎಂಬ ಪುಟ್ಟ ವಿಮಾನದಲ್ಲಿ ಒಬ್ಬಳೇ ಸ್ಕಾಟ್ಲೆಂಡಿನಿಂದ ಹೊರಟು, ಐಸ್ಲೆಂಡ್ ಮತ್ತು ಗ್ರೀನ್ಲೆಂಡುಗಳ ಮಾರ್ಗವಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಕೆನಡಾವನ್ನು ಸೇರಿದಳು. ಅವಳ ಧೈರ್ಯವನ್ನು ಲೋಕ ಕೊಂಡಾಡಿತು. ಆ ಧೈರ್ಯದ ಹಿಂದೆ ನಕ್ಷೆ, ಲೆಕ್ಕಾಚಾರ, ಅನುಮತಿ, ಹವಾಮಾನದ ನಿರೀಕ್ಷಣೆಗಳ ತಾಳ್ಮೆಯಿತ್ತು. ರೆಕ್ಕೆಯ ಬಲ ಎಷ್ಟೇ ಇರಲಿ, ಪರರ ನೆಲದ ಮೇಲೆ ಹಾರುವವನು ಅವರ ಬಾಗಿಲನ್ನು ಮೊದಲು ತಟ್ಟಬೇಕು. ಅದೇ ಗಗನದ ಗೃಹಧರ್ಮ.