ಚಿನ್ನ ಅಸಲಿ, ನಾಣ್ಯ ನಕಲಿ

ವಿಜಯನಗರದ ಚಿನ್ನದ ವರಾಹ ಸುಮಾರು 3.4 ಗ್ರಾಂ ತೂಗುವ, ಅಂಗಿಯ ಗುಂಡಿಯಷ್ಟೇ ಅಗಲದ ನಾಣ್ಯ. ಕೃಷ್ಣದೇವರಾಯನ ವರಾಹವಾದರೆ ಒಂದು ಬದಿಯಲ್ಲಿ ಬೆಣ್ಣೆ ಹಿಡಿದು ಕುಳಿತ ಬಾಲಕೃಷ್ಣ, ಇನ್ನೊಂದು ಬದಿಯಲ್ಲಿ ಮೂರು ಸಾಲಿನ ನಾಗರಿ ಬರಹ: ‘ಶ್ರೀ ಪ್ರತಾಪ ಕೃಷ್ಣರಾಯ’. ಇಂಥದ್ದು ಕೈಗೆ ಬಂದರೆ ನಮ್ಮ ಜನ ಮೊದಲು ಹೋಗುವುದು ಅಕ್ಕಸಾಲಿಗರ ಬಳಿ. ಒರೆಗಲ್ಲಿಗೆ ಉಜ್ಜಿ ‘ಚಿನ್ನ ಅಪ್ಪಟ’ ಎಂದರೆ ನಾಣ್ಯವೂ ಅಪ್ಪಟ ಎಂದುಕೊಳ್ಳುತ್ತಾರೆ. ಮೋಸಹೋಗುವುದು ಇಲ್ಲೇ. ಹಳೆಯ ಬಳೆ ಕರಗಿಸಿ ಹೊಸ ಅಚ್ಚಿನಲ್ಲಿ ಹೊಡೆದರೂ ಚಿನ್ನ ಚಿನ್ನವೇ. ಲೋಹ ಕಳಪೆಯಾಗಿದ್ದರೆ ನಾಣ್ಯ ನಕಲಿಯೆಂಬ ಅನುಮಾನಕ್ಕೆ ಆಧಾರ ಸಿಗಬಹುದು. ಲೋಹ ಒಳ್ಳೆಯದೆಂಬುದು ನಾಣ್ಯದ ಅಸಲಿತನಕ್ಕೆ ಸಾಕ್ಷಿಯಲ್ಲ. ಆ ಸಾಕ್ಷಿಯನ್ನು ನಾಣ್ಯ ತಯಾರಾದ ಬಗೆಯಲ್ಲೇ ಹುಡುಕಬೇಕು.

ವರಾಹ ತಯಾರಾಗುತ್ತಿದ್ದುದು ಕೈಯಿಂದ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಚಿನ್ನದ ಬಿಲ್ಲೆ, ಮೇಲೆ ಸುತ್ತಿಗೆಯ ಪೆಟ್ಟು. ಹಾಗಾಗಿ ಒಂದೇ ಅಚ್ಚಿನ ಎರಡು ನಾಣ್ಯಗಳಲ್ಲೂ ಚಿತ್ರ ಒಂದಿಷ್ಟು ಆಚೀಚೆ ಸರಿದಿರುತ್ತದೆ, ಅಂಚಿನ ಆಕಾರ ಬೇರೆಯಾಗಿರುತ್ತದೆ. ಎರಡರಲ್ಲೂ ಅದೇ ಜಾಗದಲ್ಲಿ ಅದೇ ಗೀರು, ಅಂಚಿನಲ್ಲಿ ಅದೇ ಬಿರುಕು ಕಂಡರೆ ಕನಿಷ್ಠ ಒಂದಾದರೂ ಎರಕ ಹೊಯ್ದದ್ದು ಎಂದೇ ಅರ್ಥ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಎರಕದ ಗಾಳಿಗುಳ್ಳೆಗಳ ಕುಳಿ, ಮೊಂಡಾದ ಅಕ್ಷರದ ಅಂಚು ಕಾಣುತ್ತವೆ. ಬ್ರಿಟಿಷರ ಕಾಲದಲ್ಲಿ ಯಂತ್ರದಿಂದ ಅಚ್ಚಾದ ಬೆಳ್ಳಿ ರೂಪಾಯಿಯಲ್ಲಿ ಮೋಸದ ದಾರಿಯೇ ಬೇರೆ. 11.66 ಗ್ರಾಂ ತೂಕದ ಆ ರೂಪಾಯಿಯಲ್ಲಿ ಶೇ 91.7ರಷ್ಟು ಬೆಳ್ಳಿಯಿತ್ತು; 1940ರಲ್ಲಿ ಅದು ಶೇ 50ಕ್ಕೆ ಇಳಿಯಿತು. ಅದರ ಹಿಂದಿನ ವರ್ಷದ, ಅಂದರೆ 1939ರ ರೂಪಾಯಿ ಅಪರೂಪವಾದ್ದರಿಂದ 1938ರ ನಾಣ್ಯದ ಕೊನೆಯ ಅಂಕಿಯನ್ನು ತಿದ್ದಿ ಮಾರುವುದುಂಟು. ಅಲ್ಲಿ ಬೆಳ್ಳಿ, ತೂಕ, ಅಂಚು ಎಲ್ಲವೂ ಟಂಕಸಾಲೆಯದೇ. ಸುಳ್ಳಾಗಿರುವುದು ಒಂದು ಅಂಕಿ ಮಾತ್ರ.

ಈಗ ಎಕ್ಸ್‌ರೇ ಯಂತ್ರಗಳಿವೆಯಲ್ಲ, ಇಷ್ಟೆಲ್ಲ ತಲೆಬಿಸಿ ಏಕೆ ಎಂದು ಕೇಳಬಹುದು. ಆ ಯಂತ್ರ ಓದುವುದು ಮೇಲ್ಪದರವನ್ನು ಮಾತ್ರ, ಅದೂ ಲೋಹವನ್ನು ಮಾತ್ರ. ನೀರಿನಲ್ಲಿ ತೂಗಿ ಸಾಂದ್ರತೆ ನೋಡಿದರೂ ಚಿನ್ನದ್ದು 19.3, ಟಂಗ್‌ಸ್ಟನ್‌ನದು 19.25; ಒಳಗೆ ಟಂಗ್‌ಸ್ಟನ್ ತುಂಬಿದ್ದರೆ ಆ ಪರೀಕ್ಷೆಯಲ್ಲೂ ಸುಲಭಕ್ಕೆ ಗೊತ್ತಾಗದು. ಹಾಗಾದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, 70ಕ್ಕೆ ಇಷ್ಟೆಂದು ಅಂಕ ಕೊಟ್ಟ ನಾಣ್ಯವನ್ನು ನಂಬಬಹುದಲ್ಲವೇ? ವಿಲಿಯಂ ಶೆಲ್ಡನ್ 1949ರಲ್ಲಿ ಆ ಅಳತೆ ರೂಪಿಸಿದ್ದು ಅಮೆರಿಕದ ಹಳೆಯ ಸೆಂಟ್ ನಾಣ್ಯಗಳಿಗಾಗಿ. ಕೈಪೆಟ್ಟಿನ ವರಾಹಕ್ಕೆ ಅದನ್ನು ಹಾಗೇ ಹೊಂದಿಸಲಾಗದು. ಸವೆತ ಉಬ್ಬಿದ ಭಾಗಗಳಿಂದ ಶುರುವಾಗುತ್ತದೆ. ಒಂದು ಮೂಲೆ ಮಾತ್ರ ಮಸುಕಾಗಿ, ಅದರ ಬೆನ್ನಿನ ಜಾಗವೂ ಮಸುಕಾಗಿದ್ದರೆ ಪೆಟ್ಟು ಅಲ್ಲಿ ಸರಿಯಾಗಿ ಬಿದ್ದಿಲ್ಲವೆಂದು ತಿಳಿಯಬೇಕು. ಈ ವ್ಯತ್ಯಾಸವನ್ನು ಬರಿಯ ಅಂಕ ಹೇಳದು. ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿ ಬೆಳಗಿದ ಬೆಳ್ಳಿ ನಾಣ್ಯದಲ್ಲಂತೂ ಇಂಥ ಗುರುತುಗಳೇ ಅಳಿಸಿಹೋಗುತ್ತವೆ. ಸಂಗ್ರಾಹಕರು ಕಪ್ಪಿಟ್ಟ ನಾಣ್ಯಕ್ಕೆ ಹೆಚ್ಚು ಬೆಲೆ ಕೊಡುವುದು ಅದಕ್ಕೇ.

ಕಣ್ಣಿನ ಜೊತೆಗೆ ಚರಿತ್ರೆಯ ಅರಿವೂ ಬೇಕು. ಒಂದು ಬದಿಯಲ್ಲಿ ಶಿವ-ಪಾರ್ವತಿ, ಇನ್ನೊಂದು ಬದಿಯಲ್ಲಿ ಪರ್ಷಿಯನ್ ಅಕ್ಷರವಿರುವ ವರಾಹವನ್ನು ಕಂಡವರು ಯಾರೋ ಎರಡು ನಾಣ್ಯ ಬೆರೆಸಿ ಮಾಡಿದ ನಕಲಿ ಎನ್ನಬಹುದು. ಅದು ಹೈದರಾಲಿಯದು. 1763ರಲ್ಲಿ ಬಿದನೂರನ್ನು ಗೆದ್ದ ಆತ ಅಲ್ಲಿನ ಜನರಿಗೆ ರೂಢಿಯಾಗಿದ್ದ ಇಕ್ಕೇರಿ ನಾಣ್ಯದ ಚಿತ್ರವನ್ನು ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರ ಹಾಕಿಸಿದ. ಅಸಲಿತನವೆಂದರೆ ಹೀಗೆ ತೂಕ, ಅಚ್ಚು, ಸವೆತ, ಚರಿತ್ರೆ ಎಲ್ಲವೂ ಒಂದಕ್ಕೊಂದು ತಾಳೆಯಾಗುವುದು. ಇವುಗಳ ಸಾಲಿಗೆ ನಾಣ್ಯ ಬಂದ ದಾರಿಯೂ ಸೇರುತ್ತದೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನಿದೆ. 100 ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಪುರಾತನ ವಸ್ತುಗಳ ಕಾಯ್ದೆ ತಡೆಯುತ್ತದೆ. ಎಲ್ಲಿ ಸಿಕ್ಕಿತು, ಯಾರ ಕೈಯಿಂದ ಬಂತು ಎಂಬುದಕ್ಕೆ ಮಾರುವವರ ಬಳಿ ಉತ್ತರವಿಲ್ಲದಿದ್ದರೆ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಆ ನಾಣ್ಯವನ್ನು ಬಿಟ್ಟುಬಿಡುವುದೇ ಲೇಸು.